ಅಪರಾಧಿ ಎಲ್ಲಿದ್ದಾನೆ? ತಿಳಿಯುವುದು ಮರ್ದಿತನ ಹಕ್ಕು

ಕೊಲೆಯಾದವನ ಮನೆಯವರಿಗೆ, ದೌರ್ಜನ್ಯಕ್ಕೊಳಗಾದ ಹೆಣ್ಣಿಗೆ ನ್ಯಾಯವೆಂದರೆ ತೀರ್ಪು ಮಾತ್ರವಲ್ಲ. ಅಪರಾಧಿ ಸೆರೆಯಲ್ಲಿದ್ದಾನೋ, ಜಾಮೀನಿನ ಮೇಲೆ ಹೊರಬಂದಿದ್ದಾನೋ, ಶಿಕ್ಷೆ ಮುಗಿಯುವ ಮೊದಲೇ ಬಿಡುಗಡೆಗೊಂಡನೋ ಎಂಬುದನ್ನು ಸಕಾಲದಲ್ಲಿ ತಿಳಿಯುವುದೂ ಆ ನ್ಯಾಯದ ಭಾಗವೇ. ಇದು ಆಧುನಿಕ ಕಾನೂನಿನ ಹೊಸ ವಿಚಾರವೆಂದು ಹಲವರು ಭಾವಿಸುತ್ತಾರೆ. ಇಸ್ಲಾಮೀ ನ್ಯಾಯದ ಇತಿಹಾಸವನ್ನು ಓದಿದರೆ ಇದರ ಬೇರು ಬಹಳ ಹಳೆಯದೆಂದು ನಮಗೆ ಮನವರಿಕೆಯಾಗುತ್ತದೆ.

ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 33ನೇ ಸೂಕ್ತವು ಅನ್ಯಾಯವಾಗಿ ಕೊಲ್ಲಲ್ಪಟ್ಟವನ ವಾರಸುದಾರನಿಗೆ ಅಧಿಕಾರ ಕೊಟ್ಟಿದೆ. ಜೊತೆಗೇ ಅವನು ಹದ್ದು ಮೀರಬಾರದೆಂದೂ ಎಚ್ಚರಿಸಿದೆ. ಕಿಸಾಸ್, ದಿಯತ್ ಎಂಬ ಪರಿಹಾರಧನ ಅಥವಾ ಕ್ಷಮೆ, ಇವುಗಳಲ್ಲಿ ಯಾವುದೆಂಬ ಆಯ್ಕೆ ವಾರಸುದಾರನದು. ಅದನ್ನು ಜಾರಿಗೊಳಿಸುವ ಹೊಣೆ ಆಡಳಿತದ್ದು. ಆದರೆ ಆಯ್ಕೆ ಮಾಡಬೇಕಾದವನಿಗೆ ಸುದ್ದಿಯೇ ತಲುಪದಿದ್ದರೆ ಆ ಅಧಿಕಾರಕ್ಕೆ ಅರ್ಥವೇನು? ಆದುದರಿಂದಲೇ ವಾರಸುದಾರನು ದೂರದ ಊರಿನಲ್ಲಿದ್ದರೆ ಅವನು ಬರುವವರೆಗೆ ಕಾಯಬೇಕೆಂದು ಫುಕಹಾಗಳು ವಿಧಿಸಿದರು.

ಮುಆವಿಯಾ(ರ) ಅವರ ಆಡಳಿತಕಾಲದ (ಕ್ರಿ.ಶ. 661-680) ಒಂದು ಘಟನೆಯನ್ನು ಇಬ್ನು ಖುದಾಮ ತಮ್ಮ 'ಅಲ್ ಮುಗ್ನಿ'ಯಲ್ಲಿ ದಾಖಲಿಸಿದ್ದಾರೆ. ಹುದ್‌ಬಾ ಬಿನ್ ಖಶ್ರಮ್ ಎಂಬಾತ ಒಬ್ಬನನ್ನು ಕೊಂದನು. ಸತ್ತವನ ಮಗ ಆಗಿನ್ನೂ ಬಾಲಕ. ಆ ಬಾಲಕ ಪ್ರಾಯಕ್ಕೆ ಬರುವವರೆಗೆ ಕೊಲೆಗಾರನನ್ನು ಸೆರೆಯಲ್ಲಿರಿಸಲಾಯಿತು. ಹಸನ್(ರ), ಹುಸೈನ್(ರ) ಮುಂತಾದವರು ಏಳು ಪಟ್ಟು ದಿಯತ್ ಕೊಡಲು ಮುಂದಾದರೂ ಮಗ ಒಪ್ಪಲಿಲ್ಲ. ಅವನ ತೀರ್ಮಾನದ ಸರಿತಪ್ಪುಗಳು ಇಲ್ಲಿ ಮುಖ್ಯವಲ್ಲ. ಒಬ್ಬ ಅನಾಥ ಬಾಲಕನನ್ನು ಬಿಟ್ಟು ಅವನ ತಂದೆಯ ಕೊಲೆಗಾರನ ವಿಷಯವನ್ನು ಇತ್ಯರ್ಥಗೊಳಿಸಲು ಖಲೀಫರೂ ಮುಂದಾಗಲಿಲ್ಲ ಎಂಬುದೇ ಮುಖ್ಯ.

ನಮ್ಮ ದೇಶದಲ್ಲಿ ಕ್ರಿಮಿನಲ್ ಮೊಕದ್ದಮೆಯು ಸರಕಾರ ಮತ್ತು ಆರೋಪಿಯ ನಡುವಿನ ವ್ಯವಹಾರ; ಮರ್ದಿತನು ಬಹುಕಾಲ ಬರಿಯ ಸಾಕ್ಷಿಯಾಗಿಯೇ ಉಳಿದನು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯು ಅವನಿಗೆ ಮೇಲ್ಮನವಿಯ ಹಕ್ಕನ್ನು ಕೊಟ್ಟಿತು. ಆ ಹಕ್ಕನ್ನು ಗಟ್ಟಿಗೊಳಿಸಿದ್ದು ನಮ್ಮ ಬಾಗಲಕೋಟೆಯ ಪ್ರಕರಣ. ಹಲ್ಲೆಗೊಳಗಾಗಿದ್ದ ಮಲ್ಲಿಕಾರ್ಜುನ ಕೊಡಗಲಿಯವರು ಆರೋಪಿಗಳ ಖುಲಾಸೆಯ ವಿರುದ್ಧ ಹೋರಾಡುತ್ತಲೇ ತೀರಿಕೊಂಡರು, ವಾರಸುದಾರರು ಮುಂದುವರಿಸಿದರು. 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್, ಮರ್ದಿತನು ವಿಶೇಷ ಅನುಮತಿಯಿಲ್ಲದೆಯೇ ಮೇಲ್ಮನವಿ ಸಲ್ಲಿಸಬಹುದೆಂದು ಬಹುಮತದಿಂದ ತೀರ್ಪಿತ್ತಿತು.

ಆದರೂ ಸುದ್ದಿ ತಲುಪದಿರುವ ನೋವು ಮುಗಿದಿಲ್ಲ. 2022ರ ಆಗಸ್ಟ್ 15ರಂದು ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳು ಗುಜರಾತಿನಲ್ಲಿ ಅವಧಿಗೆ ಮೊದಲೇ ಬಿಡುಗಡೆಗೊಂಡರು. ಇಂತಹ ನಿರ್ಧಾರಕ್ಕೆ ಮುನ್ನ ತನ್ನ ಸುರಕ್ಷತೆಯ ಬಗ್ಗೆ ಯಾರೂ ವಿಚಾರಿಸಲಿಲ್ಲವೆಂದು ಆ ಸಹೋದರಿ ನೊಂದು ನುಡಿದರು. 2024ರ ಜನವರಿ 8ರಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠವು ಆ ಬಿಡುಗಡೆಯನ್ನು ರದ್ದುಪಡಿಸಿತು. ಅಮೆರಿಕದ ಕೆಂಟಕಿಯಲ್ಲಿ 1993ರಲ್ಲಿ ಮೇರಿ ಬೈರನ್ ಎಂಬ ಯುವತಿಯನ್ನು, ಆಕೆಗೆ ತಿಳಿಯದಂತೆ ಜಾಮೀನಿನಲ್ಲಿ ಹೊರಬಂದಿದ್ದವನೇ ಕೊಂದನು. ಬಿಡುಗಡೆಯ ಸುದ್ದಿಯನ್ನು ಫೋನಿನಲ್ಲಿ ತಿಳಿಸುವ ವ್ಯವಸ್ಥೆ ಅಲ್ಲಿ ಹುಟ್ಟಿದ್ದು ಆ ಬಳಿಕ.

ಇಂದು ನಮ್ಮಲ್ಲಿ ಪೋಕ್ಸೊ ನಿಯಮಗಳು (2020) ಮಗುವಿಗೂ ಪೋಷಕರಿಗೂ ಆರೋಪಿಯ ಬಂಧನ, ಜಾಮೀನು, ಬಿಡುಗಡೆಯ ಮಾಹಿತಿ ಕೊಡಬೇಕೆನ್ನುತ್ತವೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮು ಜಾಮೀನು ವಿಚಾರಣೆಯ ನೋಟಿಸನ್ನೂ, ಪೆರೋಲ್ ವಿಷಯದಲ್ಲಿ ಮಾತನಾಡುವ ಅವಕಾಶವನ್ನೂ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಪೊಲೀಸರು ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ತಿಳಿಸಬೇಕು.

ಚಂದಾಪುರ, ಚಿಂಚೋಳಿ, ಸೇಡಂ ಕಡೆಯ ನಮ್ಮ ಅನೇಕ ಕುಟುಂಬಗಳು ದುಡಿಮೆಗಾಗಿ ಹೈದರಾಬಾದ್, ಮುಂಬೈಗಳಿಗೆ ಹೋಗಿವೆ. ನೋಟಿಸು ಹಳೆಯ ವಿಳಾಸಕ್ಕೆ ಬಂದರೆ ಓದುವವರಾರು? 2008ರಲ್ಲಿ ಕಲಬುರಗಿಯಲ್ಲಿ ಹೈಕೋರ್ಟ್ ಸಂಚಾರಿ ಪೀಠ ಆರಂಭವಾಗುವ ಮೊದಲು ಇಲ್ಲಿನವರು ಬೆಂಗಳೂರಿನವರೆಗೆ ಹೋಗಬೇಕಿತ್ತು. ಈಗ ನ್ಯಾಯಾಲಯ ಹತ್ತಿರ ಬಂದಿದೆ; ನಾವು ಎಚ್ಚರಗೊಳ್ಳಬೇಕಾಗಿದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ಠಾಣೆಗೂ ಸರಕಾರಿ ಅಭಿಯೋಜಕರಿಗೂ ಈಗಿನ ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನು ಲಿಖಿತವಾಗಿ ಕೊಡಿ. ಮಹಿಳೆಯರು ಮತ್ತು ಮಕ್ಕಳು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು. ಜಮಾಅತಿನ ಓದಿದ ಯುವಕರು ಇಂತಹ ಮನೆಗಳಿಗೆ ಜೊತೆಯಾಗಲಿ.

ಈ ಹಕ್ಕು ಸೇಡಿಗಾಗಿ ಅಲ್ಲ, ಸುರಕ್ಷತೆಗಾಗಿ. ಕ್ಷಮಿಸುವುದಿದ್ದರೂ ತಿಳಿದೇ ಕ್ಷಮಿಸುವುದಕ್ಕಾಗಿ. ಹದ್ದು ಮೀರಬಾರದೆಂಬ ಕುರ್‌ಆನಿನ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ಮರ್ದಿತರ ಪರ ನಿಲ್ಲುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ, ಆಮೀನ್.