ಮಾಡಿನ ನೀರು

ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಮಾಡಿನ ನೀರು ಹಿಡಿಯುವುದು ಹೊಸತೇನಲ್ಲ. ಆಟಿ ತಿಂಗಳಲ್ಲಿ ಅಡಿಕೆ ದಂಬೆಯಿಂದ ಹಂಡೆಗೆ ನೀರು ಬಿಟ್ಟವರೇ ನಾವೆಲ್ಲ. ಬೇಸಿಗೆಗೆ ಉಳಿಸುವ ಯೋಚನೆ ಮಾತ್ರ ಬೋರುಗಳು ಬತ್ತತೊಡಗಿದ ಮೇಲಿನದು. ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ', ಶ್ರೀಪಡ್ರೆಯವರ ಬರಹಗಳು ಈ ಮಾತನ್ನು ಕೃಷಿಕರಿಗೆ ಮುಟ್ಟಿಸಿದವು. (ಆಗ ಕಡಬ ಪ್ರತ್ಯೇಕ ತಾಲೂಕಲ್ಲ.)

ಲೆಕ್ಕ ನೋಡಿ: 1000 ಚದರಡಿ ಮಾಡಿಗೆ 3500 ಮಿ.ಮೀ. ಮಳೆ ಬಿದ್ದರೆ ಮೂರು ಲಕ್ಷ ಲೀಟರಿಗೂ ಮಿಕ್ಕಿ ನೀರು. ಹಿಡಿದಿಡುವುದೆಲ್ಲಿ? 10,000 ಲೀಟರಿನ ಟಾಂಕಿ, ಕುಡಿಯಲು ಅಡುಗೆಗೆಂದು ದಿನಕ್ಕೆ 50 ಲೀಟರ್ ತೆಗೆದರೆ 200 ದಿನ ಬಂದೀತು. ಸ್ನಾನ, ಬಟ್ಟೆ, ಹಟ್ಟಿ ಸೇರಿ 500 ಲೀಟರಾದರೆ ಇಪ್ಪತ್ತೇ ದಿನ. ತೋಟಕ್ಕಂತೂ ಸಾಲದು. ಸೋಸಿ ಬಾವಿಗೆ ಬಿಡುವುದೇ ಅಗ್ಗ. ಆದರೆ ಗುಡ್ಡೆಯ ಮುರಕಲ್ಲಿನಲ್ಲಿ ಇಂಗಿದ್ದು ಬೇಗ ಕೆಳಗೆ ಜಾರುತ್ತದೆ, ಲಾಭ ಕೆಳಮನೆಯವರ ಬಾವಿಗೆ! ಮೊದಲ ಮಳೆಯನ್ನು ಹೊರಗೇ ಬಿಡಿ, ಮಾಡಿನ ಕಸ, ಹಕ್ಕಿಹಿಕ್ಕೆ ತೊಳೆದುಹೋಗಲಿ.