ಗದ್ದೆಗೆ ಅಡಿಕೆ ಹಾಕೋಕೂ ಮುಂಚೆ ಇದನ್ನ ಓದಿ: ಅಂತರ, ಬಸಿಗಾಲುವೆ, ಉಪಬೆಳೆ, ಮಾರಾಟದ ಪೂರ್ತಿ ಮಾಹಿತಿ

ಶಿವಮೊಗ್ಗ: ಭದ್ರಾ ನಾಲೆ ಪಕ್ಕದ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟ ಆಗ್ತಿವೆ. ಪಕ್ಕದ ಗದ್ದೆಯವರು ಹಾಕಿದ್ರು ಅಂತ ನಾವೂ ಹಾಕೋದು ಸುಲಭ. ಆದ್ರೆ ಸಸಿ ನೆಟ್ಟ ಮೇಲೆ ಫಸಲು ಕಾಣೋಕೆ ಕನಿಷ್ಠ 5ರಿಂದ 7 ವರ್ಷ ಬೇಕು. ಅಷ್ಟು ವರ್ಷ ಮನೆ ನಡೆಯೋದು ಹೇಗೆ, ಆಮೇಲೆ ರೇಟು ಬಿದ್ರೆ ಏನು ಗತಿ? ಈ ಎರಡು ಪ್ರಶ್ನೆಗೂ ಉತ್ತರ ಉಪಬೆಳೆಯಲ್ಲಿದೆ. ಅದಕ್ಕೆ ಜಾಗ ಬಿಡಬೇಕಾಗಿದ್ದು ಸಸಿ ನೆಡೋ ದಿನವೇ.

ಮೊದಲು ಬಸಿಗಾಲುವೆ, ಆಮೇಲೆ ಸಸಿ

ಗದ್ದೆ ಮಣ್ಣು ನೀರು ಹಿಡಿಯುತ್ತೆ. ಭತ್ತಕ್ಕೆ ಅದು ಒಳ್ಳೇದು, ಅಡಿಕೆಗೆ ಅಲ್ಲ. ಬುಡದಲ್ಲಿ ನೀರು ನಿಂತ್ರೆ ಬೇರು ಕೊಳೆಯುತ್ತೆ, ಗಿಡ ಹಳದಿಗೆ ತಿರುಗುತ್ತೆ. ನಮ್ಮ ಮನೆ ಗದ್ದೆಯಲ್ಲೂ ಕಾಲುವೆ ತೆಗೆಯೋದನ್ನ ಮುಂದಿನ ವರ್ಷಕ್ಕೆ ಅಂತ ಬಿಟ್ಟು, ತಗ್ಗಿನ ಎರಡು ಸಾಲು ಮತ್ತೆ ನೆಡಬೇಕಾಯ್ತು. ಬಸಿಗಾಲುವೆ ಸಸಿ ಬೇರಿಗಿಂತ ಆಳ ಇರಬೇಕು, ನೀರು ಹೊರಗೆ ಹೋಗೋ ದಾರಿನೂ ಇರಬೇಕು.

ಅಂತರ 9 ಅಡಿ

ಶಿಫಾರಸು ಇರೋದು 2.7 ಮೀಟರ್, ಅಂದ್ರೆ ಗಿಡದಿಂದ ಗಿಡಕ್ಕೂ ಸಾಲಿಂದ ಸಾಲಿಗೂ 9 ಅಡಿ. ಎಕರೆಗೆ ಸುಮಾರು 540 ಗಿಡ ಹಿಡಿಯುತ್ತೆ. 7 ಅಡಿಗೆ ಹಾಕಿದ್ರೆ 880 ದಾಟುತ್ತೆ ನಿಜ. ಆದ್ರೆ ಬೆಳಕು ಸಾಲದೆ ಮರ ಎತ್ತರಕ್ಕೆ ಹೋಗುತ್ತೆ, ಮಧ್ಯದಲ್ಲಿ ಬೇರೆ ಏನೂ ಬೆಳೆಯಲ್ಲ.

ಫಸಲು ಕೊಡೋ ಮರ ಒಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು. ಜೊತೆಗೆ 12 ಕೆ.ಜಿ. ಹಸಿರೆಲೆ, 12 ಕೆ.ಜಿ. ಕೊಟ್ಟಿಗೆ ಗೊಬ್ಬರ. ಬೇಸಿಗೆಯಲ್ಲಿ ಹನಿ ನೀರಾವರಿ ಆದ್ರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು.

ಯಾವಾಗ ಯಾವ ಉಪಬೆಳೆ

• ಮೊದಲ 4–5 ವರ್ಷ: ಬಾಳೆ. ಎಳೆ ಸಸಿಗೆ ನೆರಳೂ ಆಯ್ತು, ಕೈಗೆ ದುಡ್ಡೂ ಆಯ್ತು. ಸಂಜೆ ಬಿಸಿಲು ಹೊಡೆಯೋ ಕಡೆ ಬಾಳೆ ಇರಲಿ.

• ತೋಟಕ್ಕೆ ನೆರಳು ಬಂದ ಮೇಲೆ: ಕೋಕೋ. ನಾಲ್ಕು ಅಡಿಕೆ ಮರದ ನಡುವೆ ಒಂದು ಗಿಡ, ಸಾಲು ಬಿಟ್ಟು ಸಾಲು. ಕ್ಯಾಂಪ್ಕೋ ಸಂಸ್ಥೆ ಕೋಕೋ ಕೊಳ್ಳುತ್ತೆ, ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆನೇ ಇದೆ.

• ಮರ ಗಟ್ಟಿಯಾದ ಮೇಲೆ, 8–10 ವರ್ಷಕ್ಕೆ: ಕಾಳುಮೆಣಸು. ಬಳ್ಳಿಯನ್ನ ಮರದ ಉತ್ತರ ಭಾಗಕ್ಕೆ ನೆಡಿ, ಬಿಸಿಲಿನ ಹೊಡೆತ ಕಡಿಮೆ. ಒಣಗಿಸಿಟ್ಟ ಮೆಣಸು ಕೆಡಲ್ಲ, ರೇಟು ಬರೋವರೆಗೂ ಕಾಯಬಹುದು. ಆದ್ರೆ ಸೊರಗು ರೋಗದ ಭಯ ಇದೆ, ಇಲ್ಲೂ ಬುಡದಲ್ಲಿ ನೀರು ನಿಲ್ಲಬಾರದು.

ಕೊಳೆ ರೋಗ, ಎಲೆಚುಕ್ಕೆ

ಕೊಳೆಗೆ ಶೇ 1ರ ಬೋರ್ಡೋ ದ್ರಾವಣವೇ ಮದ್ದು: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನ ಕಲಕುತ್ತಾ ಸುರಿಯಿರಿ. ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪಗೆ ತಾಮ್ರ ಅಂಟಿದ್ರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಳೆ ಹಿಡಿಯೋ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೀಬೇಕು. ಮಾಡಿದ ದ್ರಾವಣ ಅವತ್ತೇ ಖಾಲಿ ಮಾಡಿ.

ತೀರ್ಥಹಳ್ಳಿ, ಹೊಸನಗರ ಕಡೆ ಕಾಡ್ತಿರೋ ಎಲೆಚುಕ್ಕೆಗೆ ರೋಗ ಬಂದ ಸೋಗೆ ಕತ್ತರಿಸಿ ಸುಡಬೇಕು, ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ ಹಾಕಿ ಸಿಂಪಡಿಸಬೇಕು. ಒಬ್ಬರೇ ಹೊಡೆದ್ರೆ ಉಪಯೋಗ ಕಡಿಮೆ, ಅಕ್ಕಪಕ್ಕದ ತೋಟದವರೂ ಕೈ ಜೋಡಿಸಬೇಕು.

ಮಾರೋದು ಹೇಗೆ

ನಮ್ಮ ಕಡೆ ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸೋ ಕೆಂಪಡಿಕೆನೇ ಹೆಚ್ಚು. ಕರಾವಳಿಯಲ್ಲಿ ಹಣ್ಣಡಿಕೆ ಒಣಗಿಸಿ ಚಾಲಿ ಮಾಡ್ತಾರೆ. ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ರೇಟು. ಕೊಯ್ಲು ತಡವಾಗಿ ಕಾಯಿ ಬಲಿತಷ್ಟೂ ಕೆಳಗಿನ ದರ್ಜೆಗೆ ಇಳಿಯುತ್ತೆ.

ಕೂಲಿಯಾಳು ಸಿಗದವರು ಚೇಣಿ ಕೊಡ್ತಾರೆ. ಕ್ವಿಂಟಾಲ್ ಹಸಿ ಅಡಿಕೆಗೆ ಸಾಮಾನ್ಯವಾಗಿ 12–13 ಕೆ.ಜಿ. ಒಣ ಅಡಿಕೆ ಲೆಕ್ಕ. ಎಷ್ಟು ಕೆ.ಜಿ., ತೂಕ ಎಲ್ಲಿ, ದುಡ್ಡು ಯಾವತ್ತು ಅನ್ನೋದನ್ನ ಬಾಯಿಮಾತಿಗೆ ಬಿಡಬೇಡಿ, ಕಾಗದದಲ್ಲಿ ಬರೆಸಿಕೊಳ್ಳಿ. ತಾವೇ ಒಣಗಿಸೋರು ಎಪಿಎಂಸಿ ಮಂಡಿ ರೇಟನ್ನೂ ಮ್ಯಾಮ್ಕೋಸ್ ರೇಟನ್ನೂ ಒಂದೇ ದಿನ ನೋಡಿ ತಾಳೆ ಹಾಕಿ. ಎಲ್ಲಾ ಮಾಲನ್ನ ಒಂದೇ ಸಲ ಹಾಕೋದಕ್ಕಿಂತ ಎರಡು ಮೂರು ಕಂತಿನಲ್ಲಿ ಬಿಡೋದು ಕ್ಷೇಮ.

ಒಂದೇ ಬೆಳೆ ನಂಬಬೇಡಿ

ಹೊರಗಿಂದ ಅಗ್ಗದ ಅಡಿಕೆ ಬರದಿರಲಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ಆಮದಿನ ಕನಿಷ್ಠ ಬೆಲೆಯನ್ನ ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿತು. ಆದ್ರೂ ಕಳ್ಳದಾರಿ ಮಾಲು ನಿಂತಿಲ್ಲ. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನ ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದೆ. ನಮ್ಮ ಅಡಿಕೆ ಬಹುಪಾಲು ಹೋಗೋದು ಗುಟ್ಕಾ, ಪಾನ್ ಮಸಾಲಕ್ಕೆ. ಆ ವ್ಯಾಪಾರ ನಿಂತ ದಿನ ಏನು ಅನ್ನೋದು ರೈತನ ಕೈಯಲ್ಲಿಲ್ಲ.

ಕೈಯಲ್ಲಿರೋದು ಇಷ್ಟೇ: 9 ಅಡಿ ಅಂತರ, ಮಧ್ಯದಲ್ಲಿ ಇನ್ನೆರಡು ಬೆಳೆ. ಆಗೋದಾದ್ರೆ ಮನೆ ಊಟಕ್ಕೆ ಅರ್ಧ ಎಕರೆ ಭತ್ತ ಹಾಗೇ ಉಳಿಸ್ಕೊಳ್ಳಿ.