ಉಲ್ಲೇಖಗಣನೆಯ ಇತಿಹಾಸವೂ ದುರ್ಬಲೋಲ್ಲೇಖದ ಸ್ಥಾನವೂ

ಗಣಕಯಂತ್ರದ ಸ್ಮೃತಿಯಲ್ಲಿರುವ ವಸ್ತುವೊಂದನ್ನು ಎಷ್ಟು ಕಡೆಗಳಿಂದ ಹಿಡಿದಿರುವುದೆಂಬ ಲೆಕ್ಕವನ್ನು ಆ ವಸ್ತುವಿನೊಡನೆಯೇ ಬರೆದಿಡುವ ಪದ್ಧತಿಗೆ ಉಲ್ಲೇಖಗಣನೆಯೆಂದು ಹೆಸರು. ಹೊಸ ಆಶ್ರಿತನು ಬಂದರೆ ಸಂಖ್ಯೆಯು ಒಂದು ಏರುವುದು, ತೊಲಗಿದರೆ ಒಂದು ಇಳಿಯುವುದು. ಸೊನ್ನೆಯಾದೊಡನೆ ಆ ಸ್ಥಳವು ಅನ್ಯ ಕಾರ್ಯಕ್ಕೆ ಬಿಡುಗಡೆಯಾಗುವುದು. ಲೆಕ್ಕ ತಪ್ಪಿ ಮೊದಲೇ ಬಿಟ್ಟರೆ ಜೀವಂತ ವಸ್ತುವೇ ನಾಶವಾಗುವುದು. ಎಂದಿಗೂ ಬಿಡದಿದ್ದರೆ ಸ್ಮೃತಿಯೇ ತುಂಬಿಹೋಗುವುದು.

ಈ ಪದ್ಧತಿಯನ್ನು ಜಾರ್ಜ್ ಕಾಲಿನ್ಸ್ ಅವರು ೧೯೬೦ರಲ್ಲಿ ಪ್ರಕಟಿಸಿದರು. ಒಂದನ್ನೊಂದು ಸುತ್ತುವರಿದು ಹಿಡಿದಿರುವ ವಸ್ತುಗಳ ಲೆಕ್ಕವು ಸೊನ್ನೆಯನ್ನು ಮುಟ್ಟದೆಂಬ ದೋಷವನ್ನು ೧೯೬೩ರಲ್ಲಿ ಮ್ಯಾಕ್‌ಬೆತ್ ಅವರು ತೋರಿಸಿಕೊಟ್ಟರು. ಟಾಂಪ್ಸನ್ ಮತ್ತು ರಿಚಿ ಅವರು ೧೯೭೪ರಲ್ಲಿ ವಿವರಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿಯೂ ಒಂದು ಕಡತಕ್ಕೆ ಎಷ್ಟು ಹೆಸರುಗಳುಂಟೆಂಬ ಸಂಖ್ಯೆಯನ್ನು ಕಡತದ ವಿವರದೊಡನೆಯೇ ಇರಿಸಲಾಗಿತ್ತು.

ಸಂಸ್ಕಾರಕವು ಒಂದೇ ಆಗಿದ್ದಾಗ ಈ ಲೆಕ್ಕವು ಸುಲಭವಾಗಿತ್ತು. ಅವು ಹತ್ತಾರು ಆದ ಮೇಲೆ ತೊಡಕು ಹುಟ್ಟಿತು. ಸಂಖ್ಯೆಯನ್ನು ತಿದ್ದುವ ಪ್ರತಿಯೊಂದು ಸಂಸ್ಕಾರಕವೂ ಅದನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಗಿ, ಉಳಿದವು ಕಾದು ನಿಲ್ಲುವವು. ೨೦೧೦ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು ೪೮ ಸಂಸ್ಕಾರಕಗಳ ಯಂತ್ರದಲ್ಲಿ ಲಿನಕ್ಸ್ ಕರ್ನೆಲನ್ನು ಪರೀಕ್ಷಿಸಿದಾಗ ಇಂಥ ಗಣಕಗಳೇ ಹಲವೆಡೆ ವೇಗವನ್ನು ತಡೆಯುತ್ತಿದ್ದುದು ಕಂಡುಬಂದಿತು.

ಅದೇ ಸಂಸ್ಥೆಯ ಕ್ಲೆಮೆಂಟ್ಸ್, ಕಾಷೂಕ್, ಜೆಲ್ಡೋವಿಚ್ ಎಂಬವರು ೨೦೧೩ರಲ್ಲಿ ರೆಫ್‌ಕ್ಯಾಶ್ ಎಂಬ ಉಪಾಯವನ್ನು ಮುಂದಿಟ್ಟರು. ಇದರಲ್ಲಿ ಪ್ರತಿಯೊಂದು ಸಂಸ್ಕಾರಕವೂ ಏರಿಳಿತಗಳನ್ನು ತನ್ನ ಸ್ವಂತ ಪುಟದಲ್ಲಿ ಬರೆದುಕೊಂಡು, ನಿಯತ ಅವಧಿಗೊಮ್ಮೆ ಮುಖ್ಯ ಲೆಕ್ಕಕ್ಕೆ ಸೇರಿಸುವುದು. ಆದಕಾರಣ ಮುಖ್ಯ ಲೆಕ್ಕದಲ್ಲಿ ಕಂಡ ಸೊನ್ನೆಯು ನಿಜವಾದ ಸೊನ್ನೆಯಾಗಿರಲೇಬೇಕೆಂಬ ನಿಯಮವಿಲ್ಲ. ಎಲ್ಲರ ಪುಟಗಳೂ ಸೇರುವ ಒಂದು ಪೂರ್ಣ ಅವಧಿಯವರೆಗೆ ಸೊನ್ನೆಯು ಕದಲದೆ ನಿಂತರೆ ಮಾತ್ರ ಅದು ನಂಬತಕ್ಕದ್ದು.

ಇಲ್ಲಿಯೇ ದುರ್ಬಲೋಲ್ಲೇಖದ ಪ್ರಯೋಜನವು. ಅದು ವಸ್ತುವನ್ನು ತೋರಿಸುವುದು, ಉಳಿಸಿಡಲಾರದು. ಲೆಕ್ಕವು ಸೊನ್ನೆಯಾದಾಗ ಅದರ ಮೇಲೆ ಮರಣಚಿಹ್ನೆಯೊಂದನ್ನು ಇಡುವರು. ಅಷ್ಟರಲ್ಲಿ ಯಾರಾದರೂ ಆ ಮಾರ್ಗದಿಂದ ವಸ್ತುವನ್ನು ಬಯಸಿ ಬಂದರೆ ಚಿಹ್ನೆಯನ್ನು ಅಳಿಸಿ ಲೆಕ್ಕವನ್ನು ಏರಿಸುವರು, ವಸ್ತುವು ಬದುಕುವುದು. ಚಿಹ್ನೆಯು ಹಾಗೆಯೇ ಉಳಿದಿದ್ದರೆ, ಅದನ್ನು ಪರೀಕ್ಷಿಸುವುದೂ ಉಲ್ಲೇಖವನ್ನು ಶೂನ್ಯಗೊಳಿಸುವುದೂ ಅವಿಭಾಜ್ಯವಾದ ಒಂದೇ ಕ್ರಿಯೆಯಲ್ಲಿ ನಡೆದು, ಬಳಿಕ ಸ್ಥಳವು ಬಿಡುಗಡೆಯಾಗುವುದು. ಹೀಗಾಗಿ ಬಂದವನಿಗೆ ಜೀವಂತ ವಸ್ತುವಾದರೂ ಇಲ್ಲವೆಂಬ ಸ್ಪಷ್ಟ ಉತ್ತರವಾದರೂ ದೊರೆಯುವುದಲ್ಲದೆ ಸತ್ತ ವಸ್ತುವು ಕೈಗೆ ಸಿಕ್ಕದು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಬೇಡವಾದ ಸ್ಥಳವು ಕೆಲಕಾಲ ಸುಮ್ಮನೆ ಬಿದ್ದಿರುವುದು. ಕಾಲಿನ್ಸರ ಪದ್ಧತಿಯಲ್ಲಿ ಲೆಕ್ಕವು ಪ್ರತಿಕ್ಷಣವೂ ಸತ್ಯವಾಗಿರಬೇಕಾಗಿತ್ತು. ಅರ್ಧಶತಮಾನದ ತರುವಾಯ, ಬಿಡುಗಡೆಯ ತೀರ್ಪಿನ ಗಳಿಗೆಯಲ್ಲಿ ಸತ್ಯವಾಗಿದ್ದರೆ ಸಾಕೆಂಬುದು ಸಿದ್ಧವಾಯಿತು. ಈ ಸಡಿಲಿಕೆಯೇ ವೇಗದ ಮೂಲವೆಂದು ತಿಳಿಯತಕ್ಕದ್ದು.